ಇಂಕಾ ಕಣಿವೆಯಲ್ಲಿ ಆಲೂಗಡ್ಡೆಯ ತವರು

ಪೆರು ದೇಶದ ಕುಸ್ಕೊ ನಗರದ ಉತ್ತರಕ್ಕೆ, ಆಂಡಿಸ್ ಪರ್ವತಗಳ ನಡುವೆ ಉರುಬಾಂಬಾ ನದಿಯ ಕಣಿವೆಯಿದೆ. ‘ಪವಿತ್ರ ಕಣಿವೆ’ ಎಂದೇ ಅದರ ಹೆಸರು. ಪಿಸಾಕ್‌ನಿಂದ ಒಲ್ಲಾಂತಾಯ್‌ತಾಂಬೊವರೆಗೆ ಇಂಕಾ ಅರಸರ ಕಾಲದ ಗುಡಿ, ಗೋಡೆ, ಮೆಟ್ಟಿಲು ಹೊಲಗಳು ಹರಡಿವೆ. ಗಾರೆಯಿಲ್ಲದೆ ಜೋಡಿಸಿದ ಬೃಹತ್ ಕಲ್ಲುಗಳನ್ನು ಕಂಡು ಪ್ರವಾಸಿಗರು ಬೆರಗಾಗುತ್ತಾರೆ. ಆದರೆ ಇಂಕಾ ಜನ ಬಿಟ್ಟುಹೋದ ದೊಡ್ಡ ಆಸ್ತಿ ಇರುವುದು ಅಲ್ಲಿನ ಮಣ್ಣಿನಲ್ಲಿ.

1537ರಲ್ಲಿ ಒಲ್ಲಾಂತಾಯ್‌ತಾಂಬೊದಲ್ಲಿ ದೊರೆ ಮಾಂಕೊ ಇಂಕಾ ಸ್ಪೇನಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಎತ್ತರದ ಮೆಟ್ಟಿಲುಗಳಿಂದ ಬಾಣ, ಬಂಡೆಗಳು ಉರುಳಿದವು; ಕೆಳಗಿನ ಬಯಲಿಗೆ ನೀರು ನುಗ್ಗಿಸಿದಾಗ ಕುದುರೆಪಡೆ ಕಂಗೆಟ್ಟಿತು. ಆ ಗೆಲುವು ಬಹುಕಾಲ ಬಾಳಲಿಲ್ಲ. 1572ರಲ್ಲಿ ತುಪಾಕ್ ಅಮಾರುವಿನ ಶಿರಚ್ಛೇದದೊಂದಿಗೆ ಇಂಕಾ ಅರಸೊತ್ತಿಗೆ ಮುಗಿಯಿತು. ರಾಜ್ಯ ಹೋಯಿತು, ಬೇಸಾಯ ಉಳಿಯಿತು.

ಈ ಮೆಟ್ಟಿಲು ಹೊಲಗಳ ತಳದಲ್ಲಿ ಕಲ್ಲುಚೂರು, ಅದರ ಮೇಲೆ ಮರಳು, ಅದರ ಮೇಲೆ ಫಲವತ್ತಾದ ಮಣ್ಣು. ಹೆಚ್ಚಾದ ಮಳೆನೀರು ಸರಾಗವಾಗಿ ಬಸಿದುಹೋಗುತ್ತದೆ. ಹಗಲಲ್ಲಿ ಬಿಸಿಲು ಹೀರಿದ ಕಲ್ಲುಗೋಡೆ ರಾತ್ರಿ ಬೆಚ್ಚಗಿದ್ದು ಪೈರನ್ನು ಚಳಿಯಿಂದ ಕಾಯುತ್ತದೆ. ಕಣಿವೆಯ ತಗ್ಗಿನಲ್ಲಿ ಮುಸುಕಿನ ಜೋಳ ಮತ್ತು ನಮ್ಮ ದಂಟಿನ ಸಂಬಂಧಿಯಾದ ಕಿವಿಚಾ, ಮೇಲೆ ಕಿನೊವಾ, ಇನ್ನೂ ಮೇಲೆ ಆಲೂಗಡ್ಡೆ ಬೆಳೆಯುತ್ತವೆ. ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಒಡ್ಡಿ, ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿನಲ್ಲಿ ಒಣಗಿಸಿದರೆ ‘ಚುನ್ಯೊ’ ಸಿದ್ಧ. ಅದು ವರ್ಷಗಟ್ಟಲೆ ಕೆಡುವುದಿಲ್ಲ.

ಇಲ್ಲಿನ ರೈತ ಒಂದೇ ಹೊಲದಲ್ಲಿ ಹಲವು ತಳಿಗಳ ಆಲೂಗಡ್ಡೆ ಬೆಳೆಯುತ್ತಾನೆ. ಒಂದು ರೋಗಕ್ಕೆ ಬಲಿಯಾದರೂ ಇನ್ನೊಂದು ಕೈಹಿಡಿಯುತ್ತದೆ. ಈ ಜಾಣ್ಮೆಯ ಬೆಲೆ ತಿಳಿಸಿದ್ದು ಐರ್ಲೆಂಡ್. ಅಲ್ಲಿನ ಬಡವರು ಬಹುಮಟ್ಟಿಗೆ ಒಂದೇ ತಳಿಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗ ತಗುಲಿ, ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು.

ಪಿಸಾಕ್ ಬಳಿಯ ಕೆಚುವಾ ರೈತ ಸಮುದಾಯಗಳು ಒಟ್ಟಾಗಿ ‘ಆಲೂಗಡ್ಡೆ ಉದ್ಯಾನ’ ಕಟ್ಟಿಕೊಂಡು ಸಾವಿರಕ್ಕೂ ಹೆಚ್ಚು ತಳಿಗಳನ್ನು ಕಾಯುತ್ತಿವೆ. ಈಗ ಅವರಿಗೂ ಚಿಂತೆ ಕಾಡುತ್ತಿದೆ. ಹವೆ ಬಿಸಿಯಾಗಿ ಕೀಟಗಳು ಮೇಲೇರುತ್ತಿದ್ದಂತೆ ಬೆಳೆಯೂ ಬೆಟ್ಟ ಹತ್ತಬೇಕಾಗಿದೆ. ಶಿಖರದ ಮೇಲೆ ಹೊಲವಿಲ್ಲ. 2015ರಲ್ಲಿ ಈ ರೈತರು ತಮ್ಮ ಬೀಜಗಳನ್ನು ನಾರ್ವೆಯ ಸ್ವಾಲ್ಬಾರ್ಡ್ ಬೀಜಭಂಡಾರಕ್ಕೂ ಒಪ್ಪಿಸಿದರು.

ಹಾಸನದ ಹೊಲಗಳ ಆಲೂಗಡ್ಡೆಗೂ ಆಂಡಿಸ್ ಪರ್ವತವೇ ತವರು. ಐರ್ಲೆಂಡನ್ನು ಕಾಡಿದ ಅಂಗಮಾರಿ ಹಾಸನದ ರೈತರನ್ನೂ ಕಾಡಿದೆ. ಅದನ್ನು ತಡೆಯಬಲ್ಲ ಹೊಸ ತಳಿ ಬೇಕೆಂದರೆ ವಿಜ್ಞಾನಿಗಳು ಹುಡುಕಿ ಹೋಗಬೇಕಾದುದು ಇಂಥ ಹಳೆಯ ತಳಿಗಳನ್ನೇ.