ಮಗುವಿಗಾಗಿ ಕಾದ ಪಾಠ

ತರಗತಿಯ ಮಕ್ಕಳೆಲ್ಲರಿಗೂ ಒಂದೇ ದಿನ ಒಂದೇ ಅಭ್ಯಾಸ ಕೊಡುವುದು ನ್ಯಾಯವೇ? ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಇದಕ್ಕೆ 1995ರಲ್ಲೇ ಉತ್ತರ ಹುಡುಕಿದರು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ಅವರು ಆರಂಭಿಸಿದ ಪದ್ಧತಿಯೇ ‘ನಲಿಕಲಿ’. ಪಾಠಗಳು ಪುಟ್ಟ ಕಾರ್ಡುಗಳಾದವು. ಕಾರ್ಡುಗಳು ಕಲಿಕಾ ಏಣಿಯ ಮೆಟ್ಟಿಲುಗಳಾದವು. ಗುಂಪಿನಲ್ಲಿ ಕುಳಿತರೂ ಪ್ರತಿ ಮಗುವೂ ತನ್ನ ಮೆಟ್ಟಿಲಿನ ಅಭ್ಯಾಸವನ್ನೇ ಮಾಡಿತು. ಹೆತ್ತವರೊಡನೆ ದುಡಿಮೆಗೆ ಹೋಗಿ ವಾರಗಟ್ಟಲೆ ಶಾಲೆ ತಪ್ಪಿದ ಮಗು, ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು. ಹಿಂದೆ ಬಿದ್ದೆನೆಂದು ನಾಚಿ ಶಾಲೆಯನ್ನೇ ತೊರೆಯಬೇಕಿರಲಿಲ್ಲ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು.

ನಿಮ್ಮ ಮನೆಯಲ್ಲೂ ನಿಧಾನವಾಗಿ ಕಲಿಯುವ ಮಗುವಿರಬಹುದು. ಅದನ್ನು ಅಣ್ಣನ ಅಂಕಗಳೊಡನೆ ತೂಗುವ ಮುನ್ನ, ಅದು ಯಾವ ಮೆಟ್ಟಿಲಲ್ಲಿ ನಿಂತಿದೆಯೆಂದು ನೋಡಿರಿ.