ಎಕ್ಸಾರಿನ ವೀರಗಲ್ಲುಗಳು: ಕದನಚಿತ್ರದ ಒಂದು ಹಳೆಯ ಬಗೆ

ಸೈನ್ಯದೊಡನೆ ರಣರಂಗಕ್ಕೆ ತೆರಳಿ, ಕಂಡುದನ್ನು ಸ್ಥಳದಲ್ಲಿಯೇ ರೇಖೆಗಿಳಿಸುವ ಯುದ್ಧಚಿತ್ರಕಾರನು ಆಧುನಿಕ ಕಾಲದವನೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಬ್ರಿಟನ್ ಸರ್ಕಾರವು ಮ್ಯೂರ್‌ಹೆಡ್ ಬೋನ್‌ನನ್ನು ತನ್ನ ಮೊದಲ ಅಧಿಕೃತ ಯುದ್ಧಚಿತ್ರಕಾರನನ್ನಾಗಿ ನೇಮಿಸಿದ್ದು 1916ರಲ್ಲಿ. ಅದಕ್ಕೂ ಬಹಳ ಹಿಂದೆ, 1791ರಲ್ಲಿಯೇ, ರಾಬರ್ಟ್ ಹೋಮ್ ಕಾರ್ನ್‌ವಾಲಿಸನ ದಂಡಿನೊಡನೆ ಮೈಸೂರು ಸೀಮೆಗೆ ಬಂದಿದ್ದನು. ಅವನ ಮೈಸೂರು ನೋಟಗಳ ಸಂಪುಟ 1794ರಲ್ಲಿ ಅಚ್ಚಾಯಿತು. ಆದರೆ ಕದನವನ್ನು ದೃಶ್ಯವಾಗಿ ದಾಖಲಿಸುವ ಕಸುಬು ನಮ್ಮಲ್ಲಿ ಇನ್ನೂ ಹಳೆಯದು. ಅದರ ವಿಶಿಷ್ಟ ನಿದರ್ಶನವೊಂದು ಮುಂಬಯಿಯ ಉಪನಗರದಲ್ಲಿಯೇ ಇದೆ.

ಬೋರಿವಲಿ ರೈಲು ನಿಲ್ದಾಣದ ಪಶ್ಚಿಮಕ್ಕಿರುವ ಎಕ್ಸಾರ್ ಹಿಂದೆ ಹಳ್ಳಿಯಾಗಿತ್ತು. ಅಲ್ಲಿನ ವೀರಗಲ್ಲುಗಳನ್ನು 1882ರ ಠಾಣಾ ಜಿಲ್ಲಾ ಗ್ಯಾಸೆಟಿಯರು ವಿವರವಾಗಿ ವರ್ಣಿಸಿದೆ. ಅಂದು ಅವು ಕೆರೆಯ ದಂಡೆಯ ಮಾವಿನ ತೋಪಿನಲ್ಲಿದ್ದವು. ಇಂದು ಸುತ್ತಲೂ ಮನೆಗಳೆದ್ದಿವೆ. ದೊಡ್ಡ ಕಲ್ಲುಗಳ ಎತ್ತರ ಸುಮಾರು ಹತ್ತು ಅಡಿ. ಕಟ್ಟು ನಮಗೆ ಪರಿಚಿತವಾದುದೇ: ಕೆಳಗಿನ ಪಟ್ಟಿಕೆಗಳಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಇನ್ನೂ ಮೇಲೆ ಲಿಂಗಪೂಜೆ, ತುದಿಯಲ್ಲಿ ಕಲಶ.

ಪರಿಚಿತವಲ್ಲದ್ದು ಕಡಲು. ತುಱುಗೊಳ್, ಊರಳಿವು, ಪೆಣ್ಬುಯ್ಯಲ್ ಇವುಗಳಲ್ಲಿ ಮಡಿದವರ ಕಲ್ಲುಗಳು ಕನ್ನಡ ನಾಡಿನ ಊರೂರಿನಲ್ಲಿ ದೊರೆಯುತ್ತವೆ; ನೌಕಾಯುದ್ಧದ ವೀರಗಲ್ಲುಗಳು ತೀರ ವಿರಳ. ಕಾವ್ಯದಲ್ಲಿಯೂ ಹೀಗೆಯೇ. ಸಮುದ್ರವು ಅಷ್ಟಾದಶ ವರ್ಣನೆಗಳಲ್ಲಿ ಒಂದಾದುದರಿಂದ ಕವಿಗಳು ಅದನ್ನು ಬಿಡದೆ ವರ್ಣಿಸಿದ್ದಾರೆ, ಆದರೆ ಅಲ್ಲಿ ತೆರೆ, ನೊರೆ, ರತ್ನಗಳುಂಟೇ ಹೊರತು ಹುಟ್ಟು ಹಾಕುವ ಅಂಬಿಗನಿಲ್ಲ. ಎಕ್ಸಾರಿನ ಶಿಲ್ಪಿ ಮಾತ್ರ ಅವನನ್ನು ಮರೆತಿಲ್ಲ. ಒಂದು ಕಲ್ಲಿನಲ್ಲಿ ಮೂತಿ ಎತ್ತರವಾದ ಐದು ಹಡಗುಗಳು ಸಾಲಾಗಿ ಮುನ್ನುಗ್ಗುತ್ತಿವೆ. ಕೂವೆಮರಗಳು, ಪಕ್ಕದಲ್ಲಿ ಸಾಲು ಹುಟ್ಟುಗಳು, ಮೇಲೆ ಕಿಕ್ಕಿರಿದ ಬಿಲ್ಲಾಳುಗಳು. ಕೊನೆಯ ಹಡಗಿನ ಹಿಂಬದಿಯಲ್ಲಿ ಹೆಂಗಸರಿದ್ದಾರೆ. ಆದುದರಿಂದಲೇ ಅದು ದಂಡನಾಯಕನದೆಂದು ಗ್ಯಾಸೆಟಿಯರು ಊಹಿಸಿತು. ವೀರಗಲ್ಲಿನ ಸೂತ್ರಕ್ಕೆ ಆ ಹೆಂಗಸರು ಅಗತ್ಯವಿರಲಿಲ್ಲ. ಸೂತ್ರಕ್ಕೆ ಬೇಡವಾದುದು ಚಿತ್ರದಲ್ಲಿ ಬಂದಾಗ, ನೋಡಿದವನದೋ ನೋಡಿದವರಿಂದ ಕೇಳಿದವನದೋ ಕೈ ಅಲ್ಲಿದೆಯೆಂದು ನಾವು ಭಾವಿಸುತ್ತೇವೆ. ಠಾಣೆ, ಸೋಪಾರೆಗಳಂಥ ಬಂದರುಗಳ ನೆರೆಯವನಿಗೆ ಹಡಗಿನ ಅಂಗಾಂಗ ತಿಳಿದಿದ್ದುದು ಸಹಜವೇ.

ಈ ಕದನ ಯಾವುದು? ಕಲ್ಲುಗಳ ಮೇಲೆ ಓದಬಹುದಾದ ಬರಹವಿಲ್ಲ. ವಿ.ವಿ. ಮಿರಾಶಿಯವರು ಇದನ್ನು ಉತ್ತರ ಕೊಂಕಣದ ಕೊನೆಯ ಶಿಲಾಹಾರ ದೊರೆ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಯುದ್ಧವೆಂದು ಗುರುತಿಸಿದರು. ಸೋಮೇಶ್ವರನು ಕಡಲಿನಲ್ಲಿ ಮುಳುಗಿದನೆಂದು, ಮಹಾದೇವನ ಪ್ರತಾಪಾಗ್ನಿಗಿಂತ ಬಡಬಾಗ್ನಿಯೇ ಲೇಸೆಂದುಕೊಂಡನೆಂದು ಹೇಮಾದ್ರಿ ಚಮತ್ಕರಿಸುತ್ತಾನೆ. ಗೆದ್ದವರ ಮಂತ್ರಿಯ ಮಾತದು. ಕಲ್ಲು ಆ ಚಮತ್ಕಾರವನ್ನು ಬಲ್ಲದು ಎನ್ನಲಾಗದು: ಅಲ್ಲಿ ಮಡಿದವನು ನೇರವಾಗಿ ಶಿವಸಾನ್ನಿಧ್ಯಕ್ಕೆ ಸಲ್ಲುತ್ತಾನೆ. ನೆಲದ ಕಾಳಗವೂ ಜಲದ ಕಾಳಗವೂ ಒಂದೆಡೆ ಕಾಣುವುದು ಮಿರಾಶಿಯವರ ಮತಕ್ಕೆ ಅನುಕೂಲವೇ ಆದರೂ, ಅದನ್ನು ಸಂಭಾವ್ಯವೆನ್ನಬಹುದೇ ವಿನಾ ಸಿದ್ಧವೆನ್ನಲಾಗದು.

ಶಿಲಾಹಾರರು ಕನ್ನಡಕ್ಕೆ ಹೊರಗಿನವರಲ್ಲ. ರಾಷ್ಟ್ರಕೂಟರ ಸಾಮಂತರಾಗಿದ್ದ ಇವರ ಉತ್ತರ ಕೊಂಕಣದ ಸಂಸ್ಕೃತ ತಾಮ್ರಶಾಸನಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಎಂಬ ಕನ್ನಡ ಬಿರುದುಗಳು ಉಳಿದುಬಂದಿವೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರು ಕಲ್ಲನ್ನು ಇದರೊಡನೆ ಇಟ್ಟು ನೋಡಬೇಕು. ಗಂಗ ಎರೆಯಪ್ಪನ ಕಡೆಯಿಂದ ವೀರಮಹೇಂದ್ರನ ಮೇಲೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಮಡಿದುದನ್ನು ಅಲ್ಲಿ ಶಾಸನವೇ ಹೇಳುತ್ತದೆ. ಆನೆ, ಕುದುರೆ, ಬಿದ್ದ ಹೆಣಗಳ ದಟ್ಟಣೆ ಅದರ ಸುತ್ತ. ಅಲ್ಲಿ ಅಕ್ಷರ ಶಿಲ್ಪಕ್ಕೆ ಸಾಕ್ಷಿ. ಎಕ್ಸಾರಿನಲ್ಲಿ ಶಿಲ್ಪವೊಂದೇ ಸಾಕ್ಷಿ. ಆದುದರಿಂದ ಅದು ಸವೆದರೆ ಹಾನಿ ಹೆಚ್ಚು. ಕಲ್ಲುಗಳು ಸ್ಥಳೀಯರ ಪೂಜೆಗೆ ಪಾತ್ರವಾಗಿ ಉಳಿದವು ನಿಜ, ಆದರೆ ಬಿಸಿಲು, ಮಳೆ, ಉಪ್ಪುಗಾಳಿಗಳಿಗೆ ಪೂಜೆ ತಡೆಯಾಗದು. ಪ್ರತಿಯೊಂದು ಪಟ್ಟಿಕೆಯ ಅಳತೆಬದ್ಧ ರೇಖಾಪ್ರತಿಯನ್ನು ಸಿದ್ಧಪಡಿಸಿ, ಹಡಗು ಹಡಗಿನ ಹುಟ್ಟುಗಳನ್ನು ಎಣಿಸಿ, 1882ರ ವಿವರಣೆಯೊಡನೆ ಹೋಲಿಸುವುದು ಮೊದಲು ಆಗಬೇಕಾದ ಕೆಲಸ.