ನಾಯಿ-ಬೆಕ್ಕಿಗೆ ಫಿನೈಲ್, ಸೀಮೆಎಣ್ಣೆ, ಪ್ಯಾರಸಿಟಮಾಲ್: ಈ ‘ಮನೆಮದ್ದು’ಗಳು ಸುರಕ್ಷಿತವೇ?

ನಾಯಿಗೆ ಉಣ್ಣೆ ಹತ್ತಿದರೆ ಸೀಮೆಎಣ್ಣೆ ಸವರಿ, ವಾಸನೆ ಬಂದರೆ ಸ್ನಾನದ ನೀರಿಗೆ ಫಿನೈಲ್ ಬೆರೆಸಿ, ಬೆಕ್ಕಿಗೆ ಜ್ವರ ಬಂದರೆ ಅರ್ಧ ಪ್ಯಾರಸಿಟಮಾಲ್ ಮಾತ್ರೆ ಕೊಡಿ ಎಂಬಂಥ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಮೂರೂ ಸಲಹೆಗಳು ತಪ್ಪು. ಮೂರನೆಯದಂತೂ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಏಕೆ ಎಂದು ಒಂದೊಂದಾಗಿ ನೋಡೋಣ.

ಪ್ಯಾರಸಿಟಮಾಲ್ ಬೆಕ್ಕಿಗೆ ಏಕೆ ವಿಷ?

ನಾವು ನುಂಗಿದ ಪ್ಯಾರಸಿಟಮಾಲನ್ನು ನಮ್ಮ ಲಿವರ್ ಸುರಕ್ಷಿತ ರೂಪಕ್ಕೆ ತಂದು ಮೂತ್ರದ ಮೂಲಕ ಹೊರಹಾಕುತ್ತದೆ. ಇದಕ್ಕೆ ಬೇಕಾದ ಮುಖ್ಯ ಕಿಣ್ವ ಬೆಕ್ಕುಗಳಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಔಷಧ ವಿಷಕಾರಿ ವಸ್ತುವಾಗಿ ಬದಲಾಗುತ್ತದೆ, ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕಡಿಮೆಯಾಗುತ್ತದೆ. ಒಸಡು ಕಂದು ಅಥವಾ ನೀಲಿಯಾಗುವುದು, ಮುಖ ಮತ್ತು ಪಾದ ಊದಿಕೊಳ್ಳುವುದು, ಏದುಸಿರು ಇದರ ಲಕ್ಷಣಗಳು. 500 ಮಿ.ಗ್ರಾಂ.ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ನಾಯಿಗಳಿಗೂ ನಮ್ಮ ನೋವಿನ ಮಾತ್ರೆ ಕೊಡಬಾರದು. ಐಬುಪ್ರೊಫೇನ್‌ನಿಂದ ಅವುಗಳ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಮಾತ್ರೆ ತಿಂದಿದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯದೆ, ಮಾತ್ರೆಯ ಹಾಳೆಯನ್ನೂ ಹಿಡಿದುಕೊಂಡು ಪಶುವೈದ್ಯರ ಬಳಿ ಹೋಗಿ.

ಫಿನೈಲ್ ಸ್ನಾನ ಬೇಡ

ನಾಯಿ, ಬೆಕ್ಕು ಮೈ ನೆಕ್ಕಿಕೊಳ್ಳುತ್ತವೆ. ಮೈಗೆ ಹಾಕಿದ್ದು ಹೊಟ್ಟೆಗೂ ಹೋಗುತ್ತದೆ. ಫೀನಾಲ್ ಇರುವ ಕ್ರಿಮಿನಾಶಕಗಳು ಚರ್ಮವನ್ನು, ಬಾಯಿಯನ್ನು ಸುಡುತ್ತವೆ. ಅವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿಗೆ ತೀರಾ ಕಡಿಮೆ. ಸ್ನಾನಕ್ಕೆ ಪ್ರಾಣಿಗಳಿಗೆಂದೇ ಇರುವ ಶಾಂಪೂ ಬಳಸಿ.

ನೆಲ ಒರೆಸಲು ಫಿನೈಲ್ ಬಳಸಿದರೆ, ಪೂರ್ತಿ ಒಣಗುವ ತನಕ ಪ್ರಾಣಿಗಳನ್ನು ದೂರವಿಡಿ. ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಮೂತ್ರದ ಅಮೋನಿಯಾ ಜೊತೆ ಸೇರಿ ಉಸಿರಾಟಕ್ಕೆ ಹಾನಿ ಮಾಡುವ ಅನಿಲ ಬರುತ್ತದೆ. ಮೊದಲು ಸೋಪು ನೀರಿನಿಂದ ತೊಳೆಯಿರಿ.

ಉಣ್ಣೆಗೆ ಸೀಮೆಎಣ್ಣೆ ಮದ್ದಲ್ಲ

ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ನೆಕ್ಕಿದಾಗ ಶ್ವಾಸಕೋಶಕ್ಕೆ ಸೇರಿದರೆ ನ್ಯುಮೋನಿಯಾ ಆಗಬಹುದು. ಅಲ್ಲದೆ ಇದರಿಂದ ಉಣ್ಣೆಯ ಕಾಟ ತಪ್ಪುವುದೂ ಇಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯಿಂದ ಉದುರಿ, ಗೋಡೆಯ ಬಿರುಕು, ಮೂಲೆಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಚಿಕಿತ್ಸೆ ಕೊಡಿಸುವುದರ ಜೊತೆಗೆ ಅದು ಮಲಗುವ ಜಾಗವನ್ನೂ ಗುಡಿಸಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಒಂದೆರಡು ಉಣ್ಣೆ ಕಂಡರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಬೆರಳಿನಿಂದ ಹೊಸಕಬೇಡಿ. ಉಣ್ಣೆ ಕಚ್ಚಿದ ಮೇಲೆ ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿಕೊಂಡರೆ ಅದು ಉಣ್ಣೆ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ನೆನಪಿರಲಿ, ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಉಣ್ಣೆ ಔಷಧ ಬೆಕ್ಕಿಗೆ ಮಾರಕ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

• ಮಲವನ್ನು ದಿನವೂ ತೆಗೆಯಿರಿ. ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಪರೋಪಜೀವಿ ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಅಷ್ಟರೊಳಗೆ ತೆಗೆದರೆ ಅಪಾಯ ಬಹಳ ಕಡಿಮೆ. ಈ ಕೆಲಸ ಗರ್ಭಿಣಿಯರಿಗೆ ಬೇಡ.
• ಜಂತುಹುಳುವಿನ ಔಷಧವನ್ನು ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಕೊಡಿಸಿ.
• ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಹಾಕಬೇಡಿ. ಸಾರು-ಹುಳಿ ಕಲಸಿದ ಅನ್ನದಲ್ಲೂ ಈರುಳ್ಳಿ ಇರುತ್ತದೆ.
• ಊಟದ ತಟ್ಟೆ, ನೀರಿನ ಬಟ್ಟಲನ್ನು ದಿನವೂ ಸೋಪಿನಿಂದ ತೊಳೆಯಿರಿ. ಪ್ರಾಣಿಯನ್ನು ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ.
• ರೇಬೀಸ್ ಲಸಿಕೆ ಪ್ರತಿವರ್ಷ ಹಾಕಿಸಿ, ಕಾರ್ಡ್ ಜೋಪಾನವಾಗಿಡಿ.

ಕಚ್ಚಿದರೆ, ಪರಚಿದರೆ?

ಸಾಕಿದ ನಾಯಿಯೇ ಆದರೂ ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಆದರೆ ಸಕಾಲಕ್ಕೆ ಲಸಿಕೆ ಪಡೆದರೆ ಅದನ್ನು ತಡೆಯಬಹುದು.

ಕೊನೆಯದಾಗಿ, ಮುಂದಿನ ಬಾರಿ ಇಂಥ ಮದ್ದು ಗುಂಪಿನಲ್ಲಿ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ. ಮಾತು ಬಾರದ ಪ್ರಾಣಿ ತನಗೆ ಕೊಟ್ಟದ್ದು ಬೇಡ ಎಂದು ಹೇಳಲಾರದು.